ಅಂತಾರಾಷ್ಟ್ರೀಯ ರಗ್ಬಿಯಲ್ಲಿ ಹೊಸ ದೇಶಗಳು

ರಗ್ಬಿ ಯೂನಿಯನ್ ಆಟದ ಆಡಳಿತ, ಹಣ ಮತ್ತು ಪಂದ್ಯಗಳ ವೇಳಾಪಟ್ಟಿ ಬಹುಕಾಲ ಎಂಟು ಹತ್ತು ದೇಶಗಳ ಹಿಡಿತದಲ್ಲೇ ಇದ್ದವು. ಫಿಜಿ, ಸಮೋವಾ, ಜಪಾನ್, ಉರುಗ್ವೆ, ಭಾರತದಂಥ ದೇಶಗಳು ಆ ಬಳಗದ ಹೊರಗೆ ಬೆಳೆದವು. ಅವುಗಳಿಗೆ ದೊಡ್ಡ ಸ್ಪರ್ಧೆಗಳ ಬಾಗಿಲು ಹೇಗೆ ತೆರೆಯಿತು, ಎಷ್ಟು ತೆರೆಯಿತು ಎಂಬುದರ ಚರಿತ್ರೆ ಇಲ್ಲಿದೆ.

ಈ ಚರಿತ್ರೆಯ ಒಂದು ಬೇರು ಭಾರತದಲ್ಲಿದೆ. 1872ರ ಕ್ರಿಸ್‌ಮಸ್ ದಿನ ಕಲ್ಕತ್ತೆಯಲ್ಲಿ ನೆಲೆಸಿದ್ದ ಇಂಗ್ಲಿಷರು ಒಂದು ಕಡೆ, ಸ್ಕಾಟ್ಲೆಂಡ್, ಐರ್ಲೆಂಡ್ ಮತ್ತು ವೇಲ್ಸ್‌ನವರು ಇನ್ನೊಂದು ಕಡೆ ನಿಂತು ರಗ್ಬಿ ಆಡಿದರು. ಮರುವರ್ಷ ಕಲ್ಕತ್ತಾ ಫುಟ್‌ಬಾಲ್ ಕ್ಲಬ್ ಹುಟ್ಟಿತು. ಆದರೆ ಆಟಗಾರರನ್ನು ಒದಗಿಸುತ್ತಿದ್ದ ಸೇನಾಪಡೆ ಊರು ಬಿಟ್ಟಿತು; ಬಂಗಾಳದ ಸೆಕೆಯಲ್ಲಿ ಪೋಲೊ, ಟೆನಿಸ್ ಹೆಚ್ಚು ಹಿತವೆನಿಸಿದವು; ಕ್ಲಬ್ ಕೆಲವೇ ವರ್ಷಗಳಲ್ಲಿ ಮುಚ್ಚಿಹೋಯಿತು. ಬ್ಯಾಂಕಿನಲ್ಲಿ ಉಳಿದಿದ್ದ 270 ಬೆಳ್ಳಿ ರೂಪಾಯಿಗಳನ್ನು ಕರಗಿಸಿ, ನಾಗರಹಾವಿನ ಹಿಡಿಗಳೂ ಮುಚ್ಚಳದ ಮೇಲೆ ಆನೆಯೂ ಇರುವ ಕಪ್ ಮಾಡಿಸಿ ಇಂಗ್ಲೆಂಡಿಗೆ ಕೊಟ್ಟರು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ 1879ರಿಂದ ಇಂದಿನವರೆಗೂ ಸೆಣಸುತ್ತಿರುವುದು ಈ ಕಲ್ಕತ್ತಾ ಕಪ್ಪಿಗಾಗಿಯೇ. ಕಪ್ಪಿಗೆ ಬೆಳ್ಳಿ ಕೊಟ್ಟ ನೆಲದ ಜನರಿಗೆ ಆ ಆಟದಲ್ಲಿ ತಮ್ಮದೇ ರಾಷ್ಟ್ರೀಯ ತಂಡ ಕಾಣಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು.

ಅಂತಾರಾಷ್ಟ್ರೀಯ ರಗ್ಬಿ ಮಂಡಳಿಯನ್ನು 1886ರಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್, ವೇಲ್ಸ್ ಸ್ಥಾಪಿಸಿದವು. ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಗಳಿಗೆ ಅದರಲ್ಲಿ ಸ್ಥಾನ ಸಿಕ್ಕಿದ್ದು 1940ರ ದಶಕದ ಕೊನೆಗೆ, ಫ್ರಾನ್ಸಿಗೆ 1978ರಲ್ಲಿ. 1987ರ ಮೊದಲ ವಿಶ್ವಕಪ್ಪಿಗೆ ಅರ್ಹತಾ ಸುತ್ತೇ ಇರಲಿಲ್ಲ. ಕರೆ ಬಂದ ಹದಿನಾರು ದೇಶಗಳು ಆಡಿದವು. ಕರೆ ಬಾರದ ಪಶ್ಚಿಮ ಸಮೋವಾ (ಇಂದಿನ ಸಮೋವಾ) 1991ರಲ್ಲಿ ಅರ್ಹತೆ ಗಳಿಸಿ ಬಂದು, ಕಾರ್ಡಿಫ್‌ನಲ್ಲೇ ವೇಲ್ಸ್ ತಂಡವನ್ನು 16–13ರಿಂದ ಸೋಲಿಸಿತು. ಹಿಂದಿನ ಸಲ ಹೊರಗಿಟ್ಟದ್ದು ಎಷ್ಟು ತಪ್ಪೆಂಬುದಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇಕಿರಲಿಲ್ಲ. 1999ರಲ್ಲಿ ತಂಡಗಳ ಸಂಖ್ಯೆ ಇಪ್ಪತ್ತಕ್ಕೇರಿತು. ಆದರೂ ಅಂತರ ಕರಗಲಿಲ್ಲ: 2003ರಲ್ಲಿ ಆಸ್ಟ್ರೇಲಿಯ ನಮೀಬಿಯವನ್ನು ಸೋಲಿಸಿದ್ದು 142–0ರಿಂದ. ನಾಲ್ಕು ವರ್ಷಕ್ಕೊಮ್ಮೆ ಕರೆದು, ನಡುವೆ ಬಲಿಷ್ಠರೊಡನೆ ಒಂದು ಪಂದ್ಯವನ್ನೂ ಕೊಡದಿದ್ದರೆ ಬರುವ ಫಲ ಇಂಥದ್ದೇ.

ಜಪಾನಿನ ಕಥೆ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. 1995ರಲ್ಲಿ ನ್ಯೂಜಿಲೆಂಡಿಗೆ 17–145ರಿಂದ ಸೋತಿದ್ದ ಜಪಾನ್, 2015ರ ಸೆಪ್ಟೆಂಬರ್ 19ರಂದು ಬ್ರೈಟನ್‌ನಲ್ಲಿ ದಕ್ಷಿಣ ಆಫ್ರಿಕವನ್ನು 34–32ರಿಂದ ಮಣಿಸಿತು. ನಾಲ್ಕೇ ದಿನಕ್ಕೆ ಸ್ಕಾಟ್ಲೆಂಡ್ ಎದುರು ಇಳಿಯಬೇಕಾಗಿ ಬಂದು 10–45ರಿಂದ ಸೋತಿತು. ಗುಂಪಿನಲ್ಲಿ ಮೂರು ಪಂದ್ಯ ಗೆದ್ದೂ ಕ್ವಾರ್ಟರ್ ಫೈನಲ್ ತಲುಪದ ಮೊದಲ ತಂಡ ಅದು. ಜಪಾನ್ ಎದುರಿನದು ಸ್ಕಾಟ್ಲೆಂಡಿಗೆ ಟೂರ್ನಿಯ ಮೊದಲ ಪಂದ್ಯವಾಗಿತ್ತು. ಹಾಗಾಗಿ ಆ ಸೋಲಿನಲ್ಲಿ ವೇಳಾಪಟ್ಟಿಯ ಪಾಲನ್ನು ಮರೆಯುವಂತಿಲ್ಲ. 2019ರಲ್ಲಿ ಆತಿಥ್ಯ ವಹಿಸಿದ ಜಪಾನ್ ಐರ್ಲೆಂಡನ್ನೂ ಸ್ಕಾಟ್ಲೆಂಡನ್ನೂ ಸೋಲಿಸಿ ಎಂಟರ ಘಟ್ಟ ಮುಟ್ಟಿತು. 2023ರಲ್ಲಿ ವಿಶ್ವಕಪ್ಪನ್ನು ಒಂದು ವಾರ ಹಿಗ್ಗಿಸಿ, ಎಲ್ಲ ತಂಡಗಳಿಗೂ ಕನಿಷ್ಠ ಐದು ದಿನಗಳ ವಿಶ್ರಾಂತಿ ಕೊಡಲಾಯಿತು. ಅದೇ ಸಲ ಪೋರ್ಚುಗಲ್ ಫಿಜಿಯನ್ನು 24–23ರಿಂದ ಸೋಲಿಸಿತು. ಚಿಲಿ ಮೊದಲ ಬಾರಿಗೆ ಆಡಿತು.

ಪೆಸಿಫಿಕ್ ದ್ವೀಪಗಳದು ಬೇರೆಯೇ ಸಂಕಟ. ಪ್ರತಿಭೆಗೆ ಅಲ್ಲಿ ಬರವಿಲ್ಲ, ಹಣಕ್ಕಿದೆ. ಪಂದ್ಯದ ಟಿಕೆಟ್ ಆದಾಯ ಆತಿಥೇಯರಿಗೆ ಸೇರುವ ಪದ್ಧತಿಯಿಂದ, ಲಂಡನ್ನಿನ ತುಂಬಿದ ಕ್ರೀಡಾಂಗಣದಲ್ಲಿ ಆಡಿದರೂ ದ್ವೀಪದ ತಂಡಗಳು ಬರಿಗೈಲಿ ಮರಳುತ್ತಿದ್ದವು. ನ್ಯೂಜಿಲೆಂಡ್ ತಂಡ ಸಮೋವಾದ ಆಪಿಯಾದಲ್ಲಿ ಮೊದಲ ಟೆಸ್ಟ್ ಆಡಿದ್ದು 2015ರ ಜುಲೈನಲ್ಲಿ. ಅಂತಾರಾಷ್ಟ್ರೀಯ ರಗ್ಬಿ ಮಂಡಳಿಯ ಈಗಿನ ರೂಪವಾದ ವಿಶ್ವ ರಗ್ಬಿಯ ಪರಿಷತ್ತಿನಲ್ಲಿ ಫಿಜಿ ಮತ್ತು ಸಮೋವಾಗಳಿಗೆ ತಮ್ಮದೇ ಸ್ಥಾನ ದೊರೆತದ್ದು 2018ರಲ್ಲಿ, ಅದೂ ಒಂದೊಂದೇ ಮತದೊಡನೆ. ಪ್ರಬಲ ದೇಶಗಳಿಗೆ ಮೂರು ಮೂರು ಮತಗಳಿವೆ. ನಿಜವಾದ ಬದಲಾವಣೆ ತಂದದ್ದು ನಿಯಮಿತ ಸ್ಪರ್ಧೆ. 2022ರಲ್ಲಿ ಫಿಜಿಯ ವೃತ್ತಿಪರ ತಂಡ ಫಿಜಿಯನ್ ದ್ರುವಾ, ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯದ ತಂಡಗಳಿರುವ ಸೂಪರ್ ರಗ್ಬಿ ಲೀಗ್ ಸೇರಿತು. ಮರುವರ್ಷವೇ ಫಿಜಿ ಟ್ವಿಕನ್‌ಹ್ಯಾಮ್‌ನಲ್ಲಿ ಇಂಗ್ಲೆಂಡನ್ನು ಮೊದಲ ಬಾರಿ ಸೋಲಿಸಿತು. 1954ರ ನಂತರ ಮತ್ತೆ ಆಸ್ಟ್ರೇಲಿಯವನ್ನು ಗೆದ್ದಿತು.

ಏಳು ಆಟಗಾರರ ಸೆವೆನ್ಸ್ ಮಾದರಿ ಚಿಕ್ಕ ದೇಶಗಳಿಗೆ ಒದಗಿದ ಅತಿ ದೊಡ್ಡ ಅವಕಾಶ. ಹದಿನೈದು ಮಂದಿಯ ಆಟಕ್ಕೆ ಬೇಕಾದ ಭಾರೀ ಮೈಕಟ್ಟಿನ ಮುಂಪಡೆ ಇಲ್ಲಿ ಬೇಡ. ವೇಗ, ಉಸಿರು, ಎದುರಾಳಿಯನ್ನು ಹಿಡಿಯುವ ಚಾಕಚಕ್ಯತೆ ಸಾಕು. 2009ರಲ್ಲಿ ಒಲಿಂಪಿಕ್ ಸಮಿತಿ ಸೆವೆನ್ಸ್‌ಗೆ ಒಪ್ಪಿಗೆ ಕೊಟ್ಟಿತು. 2016ರಲ್ಲಿ ರಿಯೊದಲ್ಲಿ ಫಿಜಿ ಬ್ರಿಟನ್ ತಂಡವನ್ನು 43–7ರಿಂದ ಸೋಲಿಸಿ ತನ್ನ ಚರಿತ್ರೆಯ ಮೊದಲ ಒಲಿಂಪಿಕ್ ಪದಕವನ್ನೇ ಚಿನ್ನವಾಗಿ ಪಡೆಯಿತು. ಒಲಿಂಪಿಕ್ಸ್‌ಗೆ ಸೇರಿದ ಆಟಕ್ಕೆ ಸರ್ಕಾರಗಳ ಅನುದಾನ ಬರುತ್ತದೆ. ಭಾರತಕ್ಕೂ ಅದರಿಂದಲೇ ದಾರಿಯಾಯಿತು.

ಭಾರತೀಯ ರಗ್ಬಿ ಒಕ್ಕೂಟ ರೂಪುಗೊಂಡಿದ್ದು 1998ರಲ್ಲಿ. ಅದಕ್ಕೂ ಮೊದಲು ಮುಂಬಯಿ, ಕಲ್ಕತ್ತ, ಮದರಾಸಿನ ಕ್ಲಬ್ಬುಗಳಲ್ಲಿ ಆಟ ಉಳಿದಿತ್ತು. ಅಖಿಲ ಭಾರತ ಟೂರ್ನಿ 1924ರಿಂದಲೇ ಇತ್ತು. ಬೆಳವಣಿಗೆ ಬಂದದ್ದು ಮಾತ್ರ ಆ ಕ್ಲಬ್ಬುಗಳ ಆಚೆಯಿಂದ, ಒಡಿಶಾದ ಆದಿವಾಸಿ ವಸತಿಶಾಲೆಯ ಅಂಗಳದಿಂದ, ಬಿಹಾರದ ಹಳ್ಳಿಗಳ ಹುಡುಗಿಯರಿಂದ. ಮಹಿಳೆಯರ ಹದಿನೈದರ ತಂಡ 2018ರಲ್ಲಿ ತನ್ನ ಮೊದಲ ಟೆಸ್ಟ್‌ನಲ್ಲಿ ಸಿಂಗಪುರಕ್ಕೆ 5–30ರಿಂದ ಸೋತು, 2019ರ ಜೂನ್‌ನಲ್ಲಿ ಮನಿಲಾದಲ್ಲಿ ಅದೇ ಸಿಂಗಪುರವನ್ನು 21–19ರಿಂದ ಗೆದ್ದಿತು. ಕೊನೆಯ ಗಳಿಗೆಯ ನಿರ್ಣಾಯಕ ಪೆನಾಲ್ಟಿ ಒದ್ದವರು ಒಡಿಶಾದ ಸುಮಿತ್ರಾ ನಾಯಕ್. 2025ರ ಆಗಸ್ಟ್‌ನಲ್ಲಿ ಏಷ್ಯಾದ 20 ವರ್ಷದೊಳಗಿನವರ ಸೆವೆನ್ಸ್ ಬಿಹಾರದ ರಾಜಗೀರ್‌ನಲ್ಲಿ ನಡೆದು, ಭಾರತದ ಹುಡುಗಿಯರು ಕಂಚು ಪಡೆದರು.

ಕರ್ನಾಟಕದ ಹೆಸರು ದೊಡ್ಡ ವೇದಿಕೆಯಲ್ಲಿ ಕೇಳಿದ್ದು 2025ರ ಜೂನ್‌ನಲ್ಲಿ, ರಗ್ಬಿ ಪ್ರೀಮಿಯರ್ ಲೀಗ್ ಶುರುವಾದಾಗ. ಆರು ತಂಡಗಳಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಒಂದು. ಭಾರತೀಯರ ಪೈಕಿ ಅತಿ ಹೆಚ್ಚು ಬೆಲೆಗೆ, 4.75 ಲಕ್ಷ ರೂಪಾಯಿಗೆ, ಮೋಹಿತ್ ಖತ್ರಿಯವರನ್ನು ಕೊಂಡದ್ದು ಈ ತಂಡವೇ. ವಿದೇಶದ ಒಲಿಂಪಿಕ್ ಆಟಗಾರರ ಪಕ್ಕದಲ್ಲಿ ದಿನಂಪ್ರತಿ ಆಡುವ ಅವಕಾಶ ಭಾರತೀಯರಿಗೆ ಇದರಿಂದ ಸಿಕ್ಕಿತು. ಆದರೆ ಮೊದಲ ವರ್ಷದ ಪಂದ್ಯಗಳೆಲ್ಲ ಮುಂಬಯಿಯ ಒಂದೇ ಮೈದಾನದಲ್ಲಿ ನಡೆದವು. ಕಲಬುರಗಿ ಮತ್ತು ಕಮಲಾಪುರ ಕಡೆಯ ಕಬಡ್ಡಿ ಹುಡುಗರಿಗೆ ಹಿಡಿತ, ತಪ್ಪಿಸಿಕೊಳ್ಳುವ ಕಲೆ ಹೊಸದಲ್ಲ. ಚೆಂಡು ಮತ್ತು ತರಬೇತುದಾರ ಜಿಲ್ಲೆಗೆ ಬಂದರೆ ಸೆವೆನ್ಸ್ ಕಲಿಯಲು ಹೆಚ್ಚು ಕಾಲ ಬೇಡ. ಬಿಹಾರದಲ್ಲಿ ಆದದ್ದು ಅದೇ.

2027ರಲ್ಲಿ ಆಸ್ಟ್ರೇಲಿಯದಲ್ಲಿ ನಡೆಯುವ ವಿಶ್ವಕಪ್ಪಿಗೆ 24 ತಂಡಗಳಿಗೆ ಅವಕಾಶವಿದೆ. ಹಾಂಕಾಂಗ್ ಮೊದಲ ಬಾರಿಗೆ ಅರ್ಹತೆ ಪಡೆದಿದೆ. ಇದರ ಜೊತೆಗೇ, 2023ರಲ್ಲಿ ಒಪ್ಪಿಗೆಯಾದ ನೇಷನ್ಸ್ ಚಾಂಪಿಯನ್‌ಷಿಪ್ 2026ರಿಂದ ಹನ್ನೆರಡು ದೇಶಗಳನ್ನು ಪ್ರತ್ಯೇಕ ಪಂಗಡವಾಗಿಸುತ್ತದೆ. ಜಪಾನ್, ಫಿಜಿ ಅದರೊಳಗಿವೆ. ಉಳಿದವರಿಗೆ ಎರಡನೇ ದರ್ಜೆಯ ಸ್ಪರ್ಧೆ. ಬಡ್ತಿ ಮತ್ತು ಹಿಂಬಡ್ತಿ 2030ರವರೆಗೆ ಇಲ್ಲ.