ಜಪಾನಿನ ವಿಶ್ವವಿದ್ಯಾಲಯಗಳಲ್ಲಿ ವಿದೇಶಿ ಅಧ್ಯಾಪಕರು

1868ರಲ್ಲಿ ಮೇಜಿ ಆಡಳಿತ ಆರಂಭವಾದ ಮೇಲೆ ಜಪಾನ್ ಸರ್ಕಾರ ಹೊಸ ವಿದ್ಯೆಗಳನ್ನು ಕಲಿಸಲು ಯುರೋಪು, ಅಮೆರಿಕಗಳಿಂದ ತಜ್ಞರನ್ನು ಕರಾರಿನ ಮೇಲೆ ಕರೆಸಿಕೊಂಡಿತು. ಇವರನ್ನು ‘ಓ-ಯಾತೊಯಿ ಗೈಕೊಕುಜಿನ್’ ಎನ್ನುತ್ತಿದ್ದರು. 1877ರಲ್ಲಿ ಸ್ಥಾಪನೆಯಾದ ಟೋಕಿಯೊ ವಿಶ್ವವಿದ್ಯಾಲಯದ ಮೊದಲ ಅಧ್ಯಾಪಕರಲ್ಲಿ ಅನೇಕರು ಇಂಥವರೇ. ಪ್ರಾಣಿಶಾಸ್ತ್ರ ಕಲಿಸಲು ಬಂದ ಅಮೆರಿಕದ ಎಡ್ವರ್ಡ್ ಮೋರ್ಸ್ ಅದೇ ವರ್ಷ ಓಮೊರಿಯಲ್ಲಿ ಪ್ರಾಚೀನ ಚಿಪ್ಪುದಿಬ್ಬಗಳನ್ನು ಅಗೆಸಿದ. ಗಣಿಶಾಸ್ತ್ರದ ಪಾಠಕ್ಕೆಂದು 1876ರಲ್ಲಿ ಬಂದ ಇಂಗ್ಲೆಂಡಿನ ಜಾನ್ ಮಿಲ್ನ್, 1880ರ ಯೊಕೊಹಾಮಾ ಭೂಕಂಪದ ನಂತರ ಭೂಕಂಪಶಾಸ್ತ್ರದತ್ತ ಹೊರಳಿದ. ವೈದ್ಯಶಾಸ್ತ್ರವನ್ನು ಜರ್ಮನ್ ಭಾಷೆಯಲ್ಲಿ ಕಲಿಸಿದ ಎರ್ವಿನ್ ಬೆಲ್ಟ್ಸ್ ಎರಡು ದಶಕಕ್ಕೂ ಹೆಚ್ಚು ಕಾಲ ಅಲ್ಲಿದ್ದ.

ಸಂಬಳ ಧಾರಾಳವಾಗಿತ್ತು, ಸ್ಥಳೀಯ ಅಧ್ಯಾಪಕರು ಪಡೆಯುತ್ತಿದ್ದುದಕ್ಕಿಂತ ಹಲವು ಪಟ್ಟು ಹೆಚ್ಚು. ಆದರೆ ನೌಕರಿ ಕರಾರು ಇರುವಷ್ಟು ಕಾಲ ಮಾತ್ರ. ಪರದೇಶಗಳಲ್ಲಿ ಓದಿ ಬರುವ ಜಪಾನಿ ತರುಣರು ಅದೇ ಸ್ಥಾನಕ್ಕೆ ಬರಬೇಕೆಂಬುದು ಸರ್ಕಾರದ ಲೆಕ್ಕ. ಅತಿಥಿಯನ್ನು ಆದರಿಸಿದರೂ ಮನೆಯವನೆಂದು ಎಣಿಸದ ಏರ್ಪಾಡು ಇದು.

ಲಾಫ್ಕಾಡಿಯೊ ಹರ್ನ್‌ನ ಪ್ರಕರಣ ಇದಕ್ಕೆ ಒಳ್ಳೆಯ ಸಾಕ್ಷಿ. ಗ್ರೀಸಿನಲ್ಲಿ ಹುಟ್ಟಿದ ಈ ಲೇಖಕ 1890ರಲ್ಲಿ ಜಪಾನಿಗೆ ಬಂದು, ಅಲ್ಲಿಯ ಹೆಣ್ಣನ್ನು ಮದುವೆಯಾಗಿ, 1896ರಲ್ಲಿ ಕೊಯಿಜುಮಿ ಯಾಕುಮೊ ಎಂಬ ಹೆಸರಿನಿಂದ ಪೌರತ್ವವನ್ನೂ ಪಡೆದ. ಅದೇ ವರ್ಷ ಟೋಕಿಯೊದಲ್ಲಿ ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕನಾದ. ಪೌರತ್ವವೂ ಅವನ ಹುದ್ದೆಯನ್ನು ಉಳಿಸಲಿಲ್ಲ. 1903ರಲ್ಲಿ ವಿದ್ಯಾರ್ಥಿಗಳು ಪ್ರತಿಭಟಿಸಿದರೂ ಅವನು ಹೊರಡಬೇಕಾಯಿತು. ಅವನ ಜಾಗಕ್ಕೆ ಬಂದವರಲ್ಲಿ ಒಬ್ಬ, ಲಂಡನ್ನಿನಿಂದ ಆಗಷ್ಟೇ ಮರಳಿದ್ದ, ಮುಂದೆ ದೊಡ್ಡ ಕಾದಂಬರಿಕಾರನಾದ ನಾತ್ಸುಮೆ ಸೋಸೆಕಿ. ಹರ್ನ್ ವಾಸೆದಾ ವಿಶ್ವವಿದ್ಯಾಲಯದಲ್ಲಿ ಸ್ವಲ್ಪ ಕಾಲ ಕಲಿಸಿ 1904ರಲ್ಲಿ ತೀರಿಕೊಂಡ.

ಮುಂದೆಯೂ ರಾಷ್ಟ್ರೀಯ ವಿಶ್ವವಿದ್ಯಾಲಯಗಳಲ್ಲಿ ಪ್ರಾಧ್ಯಾಪಕರು ಸರ್ಕಾರಿ ನೌಕರರೇ ಆಗಿದ್ದರಿಂದ ವಿದೇಶಿಯರಿಗೆ ಆ ಹುದ್ದೆ ಸಿಗುತ್ತಿರಲಿಲ್ಲ. ಭಾಷೆ ಕಲಿಸುವ ಕರಾರು ಶಿಕ್ಷಕರಾಗಿಯೇ ಹೆಚ್ಚಿನವರು ಉಳಿದರು. 1982ರ ವಿಶೇಷ ಕಾನೂನು ಅವರಿಗೆ ಪ್ರಾಧ್ಯಾಪಕರಾಗುವ ದಾರಿ ತೆರೆಯಿತಾದರೂ, ಅವಧಿ ಗೊತ್ತುಪಡಿಸುವ ಅಧಿಕಾರವನ್ನು ವಿಶ್ವವಿದ್ಯಾಲಯಗಳಿಗೇ ಬಿಟ್ಟಿತು. ಅಮೆರಿಕದ ಐವನ್ ಹಾಲ್ 1998ರಲ್ಲಿ ಪ್ರಕಟಿಸಿದ ‘ಕಾರ್ಟೆಲ್ಸ್ ಆಫ್ ದಿ ಮೈಂಡ್’ ಕೃತಿಯಲ್ಲಿ ಈ ತಾರತಮ್ಯವನ್ನು ಕಟುವಾಗಿ ಟೀಕಿಸಿದ. ಟೀಕೆಯ ಧಾಟಿ ಖಾರವಾದರೂ ಆಧಾರವಿಲ್ಲದ್ದಲ್ಲ.

2004ರಲ್ಲಿ ರಾಷ್ಟ್ರೀಯ ವಿಶ್ವವಿದ್ಯಾಲಯಗಳು ನಿಗಮಗಳಾದವು. ಅಲ್ಲಿಯ ಅಧ್ಯಾಪಕರು, ಸ್ವದೇಶಿಯರೂ ಸೇರಿದಂತೆ, ಅಂದಿನಿಂದ ಸರ್ಕಾರಿ ನೌಕರರಲ್ಲ.