ಡಿಸ್ಕಿನ ಜೊತೆ ಬಾರದ ಫೈಲು: ವರ್ಚುವಲ್ ಮಷಿನ್‌ಗಳ ಫರ್ಮ್‌ವೇರ್ ನೆನಪು

ವರ್ಚುವಲ್ ಮಷಿನ್ ಎಂದರೆ ಒಂದು ಡಿಸ್ಕ್ ಫೈಲು, ಅದನ್ನು ಕಾಪಿ ಮಾಡಿಕೊಂಡರೆ ಯಂತ್ರವೇ ಕೈಗೆ ಬಂದಂತೆ ಎಂಬ ಮಾತು ಈಗ ಕ್ಲೌಡ್ ತರಬೇತಿಗಳಲ್ಲೆಲ್ಲ ಸಲೀಸಾಗಿ ಓಡಾಡುತ್ತಿದೆ. ರಜೆಗೆಂದು ಮನ್ನಾಏಖೇಳ್ಳಿಗೆ ಬರುವ ಎಂಜಿನಿಯರಿಂಗ್ ಹುಡುಗರು, ಬಸವಕಲ್ಯಾಣದಲ್ಲಿ ಓದುವವರಿರಲಿ ಭಾಲ್ಕಿಯಲ್ಲಿ ಓದುವವರಿರಲಿ, ಇದನ್ನೇ ನನಗೆ ಒಪ್ಪಿಸುತ್ತಾರೆ. ಸಿಪಿಯು, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಇವುಗಳ ಎಮುಲೇಶನ್ ಬಗ್ಗೆ ಅವರು ಚೆನ್ನಾಗಿಯೇ ಮಾತಾಡುತ್ತಾರೆ. ಯಂತ್ರ ಆಫ್ ಆದ ಮೇಲೂ ಅದರ ಫರ್ಮ್‌ವೇರ್ ಕೆಲವು ಸಂಗತಿಗಳನ್ನು ನೆನಪಿಟ್ಟುಕೊಳ್ಳಬೇಕು, ಆ ನೆನಪಿಗೂ ಒಂದು ಜಾಗ ಬೇಕು ಎಂಬುದನ್ನು ಮಾತ್ರ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಅಸಲು ಯಂತ್ರದಲ್ಲಿ ಆ ಜಾಗ ಕಣ್ಣಿಗೆ ಬೀಳುತ್ತಿತ್ತು. 1984ರ ಐಬಿಎಂ ಪಿಸಿ ಎಟಿಯಲ್ಲಿದ್ದ ಮೊಟೊರೊಲಾ ಎಂಸಿ146818 ಚಿಪ್ಪಿನಲ್ಲಿ 64 ಬೈಟ್. ಗಡಿಯಾರಕ್ಕೆ 14, ಉಳಿದ 50 ಸೆಟ್ಟಿಂಗ್‌ಗಳಿಗೆ. ನಮ್ಮ ಕಡೆಯ ಕಂಪ್ಯೂಟರ್ ಸೆಂಟರುಗಳಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗಿ, ಎಫ್1 ಒತ್ತುವ ತನಕ ಪರದೆ ಕದಲದೆ ನಿಲ್ಲುತ್ತಿದ್ದುದು ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿದ್ದರಿಂದ. ಸನ್ ಕಂಪನಿಯ ಸ್ಪಾರ್ಕ್ ಯಂತ್ರಗಳಲ್ಲಿ ಬ್ಯಾಟರಿ ಚಿಪ್ಪಿನೊಳಗೇ ಇರುತ್ತಿತ್ತು. ಅದು ಮುಗಿದರೆ ಯಂತ್ರ ತನ್ನ ಈಥರ್ನೆಟ್ ವಿಳಾಸವನ್ನೂ ಮರೆಯುತ್ತಿತ್ತು.

ಮೊದಲ ಎಮುಲೇಟರುಗಳು ಇದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ವಿಎಂವೇರ್ ಮಾತ್ರ ಪ್ರತಿ ವಿಎಂಗೂ ಒಂದು ಎನ್‌ವಿರ್ಯಾಮ್ (ಆಫ್ ಆದರೂ ಅಳಿಯದ ಮೆಮೊರಿ) ಫೈಲು ಇಟ್ಟಿತು. 2003ರಲ್ಲಿ ಫ್ಯಾಬ್ರೀಸ್ ಬೆಲ್ಲಾರ್ಡ್ ಹೊರತಂದ ಕ್ಯೂಎಮು ಪಿಸಿಯ ಆ ಚಿಪ್ಪಿನ ಸಿಮಾಸ್ ಬೈಟ್‌ಗಳನ್ನು ಪ್ರತಿ ಸಲವೂ ಹೊಸದಾಗಿ ತುಂಬುತ್ತಿತ್ತು. ಮೆಮೊರಿ ಎಷ್ಟು, ಯಾವ ಡಿಸ್ಕಿನಿಂದ ಬೂಟ್ ಆಗಬೇಕು ಎಂಬುದೆಲ್ಲ ಕಮಾಂಡ್ ಲೈನಿನಿಂದಲೇ ಬರುತ್ತಿತ್ತು. ಮುಂದೆ ಅದರ ಜೊತೆ ಬಂದ ಸೀಬಯೋಸ್ ಎಂಬ ಫರ್ಮ್‌ವೇರ್‌ಗೆ ಸೆಟ್ಟಿಂಗ್ಸ್ ಪರದೆಯೇ ಇಲ್ಲ. 2007ರಲ್ಲಿ ಲಿನಕ್ಸ್ 2.6.20ರೊಳಗೆ ಅದರದೇ ವರ್ಚುವಲೈಸೇಶನ್ ಆದ ಕೆವಿಎಂ ಬಂದಾಗಲೂ ಇದೇ ಪದ್ಧತಿ ಮುಂದುವರಿಯಿತು. ಡಿಸ್ಕ್ ಫೈಲೊಂದೇ ಸಾಕು ಎಂಬ ನಂಬಿಕೆ ಹುಟ್ಟಿದ್ದು ಈ ಕಾಲದಲ್ಲಿ, ಆಗ ಅದು ಹೆಚ್ಚುಕಡಿಮೆ ನಿಜವೂ ಆಗಿತ್ತು.

ನನ್ನ ಮಟ್ಟಿಗೆ ಈ ಕಥೆಯ ಅತ್ಯಂತ ಅಚ್ಚುಕಟ್ಟಾದ ಅಧ್ಯಾಯ ಪವರ್ ಪ್ರೊಸೆಸರ್‌ನದು. ಐಬಿಎಂನ ಬೆಂಗಳೂರಿನ ಲಿನಕ್ಸ್ ಟೆಕ್ನಾಲಜಿ ಸೆಂಟರಿನವರೂ ಪವರ್ ಮೇಲಿನ ಕೆವಿಎಂಗೆ ದುಡಿದರು. 2012ರಲ್ಲಿ ಕ್ಯೂಎಮುವಿನ ಪವರ್ ಯಂತ್ರಕ್ಕೆ ಎನ್‌ವಿರ್ಯಾಮ್ ಸಾಧನ ಸೇರಿತು. ಅಲ್ಲಿ ಗೆಸ್ಟ್ (ವಿಎಂನೊಳಗೆ ಓಡುವ ಸಿಸ್ಟಂ) ಯಾವ ಚಿಪ್ಪನ್ನೂ ಮುಟ್ಟುವುದಿಲ್ಲ. ಓದಬೇಕಾದರೆ ಒಂದು ಕರೆ, ಬರೆಯಬೇಕಾದರೆ ಇನ್ನೊಂದು ಕರೆ. ಕರೆಗೆ ಓಗೊಟ್ಟು ಬೈಟ್‌ಗಳನ್ನು ಫೈಲಿಗೆ ಇಳಿಸುವುದು ಹೋಸ್ಟ್‌ನ, ಎಂದರೆ ವಿಎಂ ಓಡಿಸುವ ಯಂತ್ರದ, ಕೆಲಸ. ಲಿನಕ್ಸ್ ಕರ್ನಲ್ ಕುಸಿದು ಬೀಳುವಾಗ ತನ್ನ ಕೊನೆಯ ಸಂದೇಶಗಳನ್ನು ಇದೇ ಜಾಗದಲ್ಲಿ ಬರೆದಿಡಬಲ್ಲದು. ಡಿಸ್ಕ್ ಡ್ರೈವರೇ ಕೈಕೊಟ್ಟ ರಾತ್ರಿಗಳಲ್ಲಿ ಆ ಕೆಲವು ಸಾಲುಗಳೇ ನಮಗೆ ದಾರಿ ತೋರಿಸುತ್ತಿದ್ದವು. ಪವರ್ ಮಾರುಕಟ್ಟೆ ಚಿಕ್ಕದು ಎಂಬ ಕಾರಣಕ್ಕೆ ಈ ವಿನ್ಯಾಸವನ್ನು ಬದಿಗೆ ಸರಿಸುವುದು ಸರಿಯಲ್ಲ.

ಇಂಟೆಲ್ ಬಳಗದ ಯಂತ್ರಗಳು ಹಿಡಿದದ್ದು ಸುತ್ತುಬಳಸಿನ ದಾರಿ. ಹಳೆಯ ಬಯೋಸ್‌ನ ಜಾಗಕ್ಕೆ ಯುಇಎಫ್‌ಐ ಬಂದ ಮೇಲೆ ಬೂಟ್ ಕ್ರಮ, ಸಹಿಯಿರುವ ಸಾಫ್ಟ್‌ವೇರನ್ನಷ್ಟೇ ಬೂಟ್ ಆಗಲು ಬಿಡುವ ಸೆಕ್ಯೂರ್ ಬೂಟ್‌ನ ಕೀಲಿಗಳು ಎಲ್ಲವೂ ಹೆಸರುಳ್ಳ ವೇರಿಯಬಲ್‌ಗಳಾದವು. ಕ್ಯೂಎಮುವಿಗಾಗಿ ಮಾಡಿದ ಓವಿಎಂಎಫ್ ಫರ್ಮ್‌ವೇರ್ ಮೊದಮೊದಲು ಅವನ್ನು ಗೆಸ್ಟ್‌ನದೇ ಡಿಸ್ಕಿನ ಇಎಫ್‌ಐ ಪಾರ್ಟಿಶನ್ನಿನಲ್ಲಿ ಎನ್‌ವಿವಾರ್ಸ್ ಎಂಬ ಫೈಲಿಗೆ ಬರೆಯುತ್ತಿತ್ತು. ಆಪರೇಟಿಂಗ್ ಸಿಸ್ಟಂ ಯಂತ್ರವನ್ನು ವಹಿಸಿಕೊಂಡ ಮೇಲೆ ಡಿಸ್ಕ್ ಫರ್ಮ್‌ವೇರ್‌ನ ಕೈಯಲ್ಲಿರುವುದಿಲ್ಲವಲ್ಲ, ಹಾಗಾಗಿ ಆಮೇಲಿನ ಬದಲಾವಣೆಗಳಿಗೆ ಭರವಸೆ ಇರಲಿಲ್ಲ.

2012ರ ಲಿನಕ್ಸ್ 3.7ರಲ್ಲಿ ಕೆವಿಎಂಗೆ ಓದಲಷ್ಟೇ ಬಿಡುವ ಮೆಮೊರಿ ಸ್ಲಾಟ್ ಬಂತು. ಓದುವಾಗ ಗೆಸ್ಟ್‌ಗೆ ಅಡ್ಡಿಯಿಲ್ಲ. ಬರೆಯಹೋದರೆ ನಿಯಂತ್ರಣ ಕ್ಯೂಎಮುವಿಗೆ ಬರುತ್ತದೆ. ಇದರ ಮೇಲೆ ಫ್ಲ್ಯಾಶ್ ಚಿಪ್ಪಿನ ಎಮುಲೇಶನ್ ನಿಂತಿತು; ವೇರಿಯಬಲ್‌ಗಳಿರುವ ಭಾಗ ಹೋಸ್ಟ್‌ನಲ್ಲಿ ವಾರ್ಸ್ ಎಂಬ ಪ್ರತ್ಯೇಕ ಫೈಲಾಗಿ ಉಳಿಯುತ್ತದೆ. ಫ್ಲ್ಯಾಶ್‌ನಲ್ಲಿ ಬರೆಯುವುದೆಂದರೆ 1 ಇದ್ದ ಬಿಟ್ಟನ್ನು 0 ಮಾಡುವುದಷ್ಟೇ; ಮತ್ತೆ 1 ಬೇಕಾದರೆ ಇಡೀ ಬ್ಲಾಕನ್ನು ಅಳಿಸಬೇಕು. ಆದ್ದರಿಂದ ವೇರಿಯಬಲ್ ಅಳಿಸಿದಾಗ ಓವಿಎಂಎಫ್ ಅದರ ಸ್ಥಿತಿಯ ಬೈಟಿನಲ್ಲಿ ಗುರುತು ಹಾಕಿ ಸುಮ್ಮನಾಗುತ್ತದೆ, ಜಾಗ ತುಂಬಿದಾಗ ಕಸ ಗುಡಿಸುತ್ತದೆ. ಗುಡಿಸುವಾಗ ಕರೆಂಟು ಹೋದರೆ ಎಂದು ಅಷ್ಟೇ ದೊಡ್ಡ ಇನ್ನೊಂದು ಜಾಗವನ್ನೂ ಕಾದಿರಿಸಿರುತ್ತದೆ. ಹಳೆಯ ವಾರ್ಸ್ ಫೈಲು 128 ಕೆಬಿ ಇದ್ದರೂ ವೇರಿಯಬಲ್‌ಗಳಿಗೆ ಸಿಗುತ್ತಿದ್ದುದು 56 ಕೆಬಿ. ವಿಂಡೋಸ್‌ನ ಪ್ರಮಾಣೀಕರಣ ಪರೀಕ್ಷೆಗಳಿಗೆ ಅದು ಸಾಲದೆ 2017ರಲ್ಲಿ 528 ಕೆಬಿಯ ಫೈಲು ಬಂತು, ಅದರಲ್ಲಿ ವೇರಿಯಬಲ್‌ಗಳಿಗೆ 256 ಕೆಬಿ.

ಇಷ್ಟಾದರೂ ಒಂದು ಕಂಡಿ ಉಳಿದಿತ್ತು. ಗೆಸ್ಟ್ ಕರ್ನಲ್ ನೇರವಾಗಿ ಫ್ಲ್ಯಾಶ್‌ಗೆ ಬರೆದುಬಿಟ್ಟರೆ ಸೆಕ್ಯೂರ್ ಬೂಟ್‌ನ ಕೀಲಿಗಳಿಗೆ ಅರ್ಥವೇ ಇಲ್ಲ. 2015ರಲ್ಲಿ ಕೆವಿಎಂ, ಕ್ಯೂಎಮು, ಓವಿಎಂಎಫ್ ಮೂರೂ ಸೇರಿ, ಪ್ರೊಸೆಸರ್ ಕರ್ನಲ್‌ನ ಕೈಗೆ ಸಿಗದ ಸಿಸ್ಟಂ ಮ್ಯಾನೇಜ್‌ಮೆಂಟ್ ಮೋಡ್‌ನಲ್ಲಿದ್ದಾಗ ಮಾತ್ರ ಬರೆಯಲು ಬಿಡುವ ವ್ಯವಸ್ಥೆ ಕಟ್ಟಿದವು. ಕೆವಿಎಂನ ಪಾವೊಲೊ ಬೊನ್ಜೀನಿ, ಓವಿಎಂಎಫ್‌ನ ಲಾಸ್ಲೊ ಎರ್ಸೆಕ್ ಆಗ ಮಾಡಿದ ಕೆಲಸಕ್ಕೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ.

ಫೈಲೇನೋ ಬಂತು, ಅದನ್ನು ಯಂತ್ರದ ಭಾಗವೆಂದು ಒಪ್ಪುವ ಅಭ್ಯಾಸ ಬರಲಿಲ್ಲ. ವಿಎಂಗಳನ್ನು ನಿರ್ವಹಿಸುವ ಲಿಬ್‌ವರ್ಟ್‌ನಲ್ಲಿ ಡಿಸ್ಕಿಗೆ ಒಂದು ಡೈರೆಕ್ಟರಿ, ವಾರ್ಸ್ ಫೈಲಿಗೆ ಬೇರೆಯೇ ಡೈರೆಕ್ಟರಿ. ಬ್ಯಾಕಪ್ ಸ್ಕ್ರಿಪ್ಟ್ ಬರೆಯುವವರು ಮೊದಲನೆಯದನ್ನಷ್ಟೇ ನೋಡುತ್ತಾರೆ. ವಾರ್ಸ್ ಇಲ್ಲದೆ ಬೇರೆ ಹೋಸ್ಟ್‌ನಲ್ಲಿ ಎಬ್ಬಿಸಿದ ವಿಎಂ ತನ್ನ ಬೂಟ್ ಕ್ರಮ ಮರೆತಿರುತ್ತದೆ, ಡೀಫಾಲ್ಟ್ ಬೂಟ್ ಫೈಲೂ ಇಲ್ಲದಿದ್ದರೆ ಇಎಫ್‌ಐ ಶೆಲ್‌ಗೆ ಹೋಗಿ ನಿಲ್ಲುತ್ತದೆ. ವಿಂಡೋಸ್ ಆಗಿದ್ದರೆ ಇನ್ನೂ ಕಷ್ಟ. ಸೆಕ್ಯೂರ್ ಬೂಟ್ ವೇರಿಯಬಲ್‌ಗಳ ಅಳತೆ ಟಿಪಿಎಂ ಭದ್ರತಾ ಚಿಪ್ಪಿನ 7ನೆಯ ಪಿಸಿಆರ್ ರಿಜಿಸ್ಟರಿನಲ್ಲಿ ದಾಖಲಾಗುವುದರಿಂದ, ಅವು ಬದಲಾದರೆ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿರುವ ಬಿಟ್‌ಲಾಕರ್ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ವಿಎಂ ತೆಗೆದುಹಾಕುವಾಗ ಎನ್‌ವಿರ್ಯಾಮ್ (ವಾರ್ಸ್) ಫೈಲು ಇಡಬೇಕೋ ಬಿಡಬೇಕೋ ಹೇಳು ಎಂದು ಲಿಬ್‌ವರ್ಟ್ ಪಟ್ಟು ಹಿಡಿಯುವುದನ್ನು ಅನೇಕರು ಕಿರಿಕಿರಿ ಎಂದುಕೊಳ್ಳುತ್ತಾರೆ. ಆ ಪಟ್ಟು ಸರಿಯಾದದ್ದೇ. ಅದೇ ಲಿಬ್‌ವರ್ಟ್ ಫ್ಲ್ಯಾಶ್ ಇರುವ ವಿಎಂಗಳ ಇಂಟರ್ನಲ್ ಸ್ನ್ಯಾಪ್‌ಶಾಟ್‌ಗಳನ್ನು ವರ್ಷಗಟ್ಟಲೆ ನಿರಾಕರಿಸಿತು. ಈಗ ವಾರ್ಸ್ ಫೈಲು ಕ್ಯೂಕೌ2 ರೂಪದಲ್ಲಿದ್ದರೆ ಆ ತೊಡಕು ತೀರುತ್ತದೆ.

2025ರ ಏಪ್ರಿಲ್‌ನಲ್ಲಿ ಬಂದ ಕ್ಯೂಎಮು 10.0ರಲ್ಲಿ ಯುಇಎಫ್‌ಐ-ವಾರ್ಸ್ ಎಂಬ ಸಾಧನವಿದೆ. ಗೆಸ್ಟ್ ಕೇಳುತ್ತದೆ, ಹೋಸ್ಟ್ ಪರೀಕ್ಷಿಸಿ ಜೇಸನ್ ಫೈಲಿಗೆ ಬರೆಯುತ್ತದೆ. ಫ್ಲ್ಯಾಶ್‌ನ ನಟನೆಯೂ ಬೇಡ, ಸಿಸ್ಟಂ ಮ್ಯಾನೇಜ್‌ಮೆಂಟ್ ಮೋಡ್‌ನ ಹಂಗೂ ಬೇಡ. ಝೆನ್‌ಸರ್ವರ್ ಎಂಬ ಇನ್ನೊಂದು ವರ್ಚುವಲೈಸೇಶನ್ ವ್ಯವಸ್ಥೆಯ ವಾರ್‌ಸ್ಟೋರ್ಡ್ ಇದೇ ದಾರಿಯಲ್ಲಿ ಮೊದಲೇ ನಡೆದಿತ್ತು. ಪವರ್‌ನಲ್ಲಿ 2012ರಲ್ಲೇ ಇದ್ದ ತತ್ವಕ್ಕೆ ಇಂಟೆಲ್ ಬಳಗದ ಕ್ಯೂಎಮು ಬಂದು ಸೇರಲು ಹದಿಮೂರು ವರ್ಷ ಹಿಡಿಯಿತು.

ಸದ್ಯದ ಆತಂಕ ಬೇರೆ. ಮೈಕ್ರೋಸಾಫ್ಟ್‌ನ 2011ರ ಸೆಕ್ಯೂರ್ ಬೂಟ್ ಸರ್ಟಿಫಿಕೇಟ್‌ಗಳ ಅವಧಿ 2026ರ ಜೂನ್‌ನಿಂದ ಒಂದೊಂದಾಗಿ ಮುಗಿಯುತ್ತದೆ. ಓವಿಎಂಎಫ್ ಪ್ಯಾಕೇಜ್ ಅಪ್‌ಡೇಟ್ ಮಾಡಿದರೆ ಹೊಸ ಕೀಲಿಗಳು ಬರುವುದು ಟೆಂಪ್ಲೇಟಿಗೆ ಮಾತ್ರ. ವಿಎಂ ಹುಟ್ಟಿದ ದಿನ ಟೆಂಪ್ಲೇಟಿನಿಂದ ಕಾಪಿಯಾದ ವಾರ್ಸ್ ಫೈಲು ಹಳೆಯ ಕೀಲಿಗಳೊಡನೆ ಹಾಗೆಯೇ ಇರುತ್ತದೆ. ಗೆಸ್ಟ್‌ನೊಳಗಿನಿಂದ ಅಪ್‌ಡೇಟ್ ಮಾಡಿಸಬೇಕು, ಇಲ್ಲವೇ ವಿಎಂ ಆಫ್ ಮಾಡಿ ಹೋಸ್ಟ್‌ನಲ್ಲಿ ವರ್ಟ್-ಎಫ್‌ಡಬ್ಲ್ಯು-ವಾರ್ಸ್ ಎಂಬ ಟೂಲಿನಿಂದ ಸೇರಿಸಬೇಕು; ಎರಡೂ ಒಂದೊಂದು ವಿಎಂಗೂ ಬೇರೆಬೇರೆಯಾಗಿ ಮಾಡಬೇಕಾದ ಕೆಲಸ. ಅದಕ್ಕೂ ಮೊದಲು ವಾರ್ಸ್ ಫೈಲುಗಳು ಎಲ್ಲೆಲ್ಲಿವೆ, ಯಾವುದು ಯಾವ ವಿಎಂನದು ಎಂಬ ಪಟ್ಟಿ ಇರಬೇಕು. ನಾನು ಕೇಳಿದ ಕಡೆಗಳಲ್ಲಿ ಆ ಪಟ್ಟಿ ಇಟ್ಟವರು ತೀರಾ ಕಡಿಮೆ.