ಚಿತ್ರಮಂದಿರದ ಅತಿಶಬ್ದ ಮತ್ತು ಶ್ರವಣಹಾನಿ

ಸಿನಿಮಾ ಟಾಕೀಸಿನೊಳಗೆ ಕಿವಿ ತಾಳಿಕೊಳ್ಳುವ ಮಿತಿ ಮೀರಿ ಧ್ವನಿ ಏರಿಸುವುದು ಅತಿಶಬ್ದ. ಅದರಿಂದ ಪ್ರೇಕ್ಷಕರಿಗೂ ಅಲ್ಲಿ ದುಡಿಯುವವರಿಗೂ ಕೇಳುವ ಶಕ್ತಿ ಕುಂದುವುದು ಶ್ರವಣಹಾನಿ. ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳಂಥ ಗಡಿ ಊರುಗಳಲ್ಲಿ ಇದಕ್ಕೆ ಇನ್ನೊಂದು ಮುಖವೂ ಇದೆ. 1956ರ ತನಕ ಈ ಮೂರೂ ಊರುಗಳು ರಾಯಚೂರು, ಕಲಬುರಗಿಗಳ ಜೊತೆ ಹೈದರಾಬಾದ್ ರಾಜ್ಯದಲ್ಲಿದ್ದವು. ಗದ್ವಾಲವಂತೂ ರಾಯಚೂರು ಜಿಲ್ಲೆಗೇ ಸೇರಿತ್ತು. ರಾಜ್ಯ ಬದಲಾದ ಮೇಲೂ ಇಲ್ಲಿನ ಅನೇಕ ಮನೆಗಳಲ್ಲಿ ಕನ್ನಡ ಉಳಿಯಿತು, ಟಾಕೀಸಿನ ಪರದೆ ಮಾತ್ರ ತೆಲುಗಿನದಾಯಿತು. ಮನೆಮಾತಲ್ಲದ ಭಾಷೆಯ ಸಂಭಾಷಣೆ ಹಿಡಿಯಲು ವ್ಯಂಜನಗಳು ಸ್ಪಷ್ಟವಾಗಿ ಕೇಳಬೇಕು. ಗದ್ದಲದಲ್ಲಿ ಮೊದಲು ಮುಳುಗುವುದು ಅವೇ.

ಕಿವಿಗೆ ಆಗುವ ಪೆಟ್ಟು ಶಬ್ದದ ಮಟ್ಟ ಮತ್ತು ಕೇಳಿದ ಹೊತ್ತು ಎರಡನ್ನೂ ಅವಲಂಬಿಸಿದೆ. 3 ಡೆಸಿಬೆಲ್ ಏರಿದರೆ ಶಬ್ದಶಕ್ತಿ ಇಮ್ಮಡಿಯಾಗುತ್ತದೆ, ಆದರೆ ಕಿವಿಗೆ ಅದು ಚೂರು ಏರಿದಂತಷ್ಟೇ ಅನಿಸುತ್ತದೆ. ಜನ ಮೋಸಹೋಗುವುದು ಇಲ್ಲೇ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯಾದ ನಯೋಷ್‌ನ ಲೆಕ್ಕದಲ್ಲಿ 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ ಇರಬಹುದು. 88ಕ್ಕೆ ಅದು 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಬರೀ 15 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ ಇನ್ನೂ ಬಿಗಿ: ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್, ಮಕ್ಕಳಿಗೆ ಅಷ್ಟೇ ಹೊತ್ತು 75. ಹಾಗೆಂದು ಒಂದು ಸಿನಿಮಾ ನೋಡಿದವರೆಲ್ಲ ಕಿವುಡರಾಗುವುದಿಲ್ಲ. ಹೊರದೇಶಗಳಲ್ಲಿ ನಡೆದ ಅಳತೆಗಳಲ್ಲಿ ಇಡೀ ಚಿತ್ರದ ಸರಾಸರಿ ಹೆಚ್ಚಾಗಿ 85ಕ್ಕಿಂತ ಕೆಳಗೇ ಬಂದಿದೆ; ಹೊಡೆದಾಟ, ಸ್ಫೋಟದ ದೃಶ್ಯಗಳಲ್ಲಿ ಅದು ಮೇಲಕ್ಕೆ ಜಿಗಿಯುತ್ತದೆ. ಆದರೆ ಕಿವಿ ಟಾಕೀಸಿನ ಲೆಕ್ಕ ಬೇರೆ, ಗಣೇಶನ ಮೆರವಣಿಗೆಯ ಡಿಜೆ ಲೆಕ್ಕ ಬೇರೆ, ಇಯರ್‌ಫೋನಿನ ಲೆಕ್ಕ ಬೇರೆ ಎಂದು ಇಡುವುದಿಲ್ಲ. ಎಲ್ಲವೂ ಒಂದೇ ಖಾತೆಗೆ ಬೀಳುತ್ತವೆ.

ಚಿತ್ರಮಂದಿರದ ಧ್ವನಿಗೆ ಅಳತೆಗೋಲು ಇಲ್ಲವೆಂದಲ್ಲ. ಡಾಲ್ಬಿ ಪದ್ಧತಿಯಲ್ಲಿ ಪ್ರೊಸೆಸರಿನ ಧ್ವನಿ ಏರಿಳಿಸುವ ಗುಂಡಿ, ಅಂದರೆ ಫೇಡರ್, 7ರಲ್ಲಿದ್ದಾಗ ಪರದೆಯ ಹಿಂದಿನ ಪ್ರತಿ ಚಾನೆಲ್‌ನ ಆಧಾರ ಮಟ್ಟ 85 ಡೆಸಿಬೆಲ್. ಡಿಜಿಟಲ್ ಧ್ವನಿಯಲ್ಲಿ ಗರಿಷ್ಠ 105ರವರೆಗೆ ಏರಬಹುದು. ಚಿತ್ರದ ಧ್ವನಿಮಿಶ್ರಣ ನಡೆಯುವುದೂ ಇದೇ ಮಟ್ಟದಲ್ಲಿ. ಮಿಶ್ರಣವೇ ಜೋರಾದಾಗ ಜನ ದೂರುತ್ತಾರೆ, ಟಾಕೀಸಿನ ಆಪರೇಟರ್ ಫೇಡರ್ ಇಳಿಸುತ್ತಾನೆ. ಇಳಿಸುತ್ತಾರೆಂದು ಗೊತ್ತಿರುವ ಚಿತ್ರತಂಡ ಮುಂದಿನ ಚಿತ್ರವನ್ನು ಇನ್ನಷ್ಟು ಜೋರಾಗಿ ಮಿಶ್ರಣ ಮಾಡುತ್ತದೆ. ಹೀಗೆ ಇಳಿಸಿದ ಟಾಕೀಸಿನಲ್ಲಿ ಮೆಲುದನಿಯ ಚಿತ್ರ ಬಂದರೆ ಮಾತೇ ಕೇಳದು.

ಈ ಪೈಪೋಟಿ ಸಾರ್ವಜನಿಕವಾಗಿ ಹೆಚ್ಚು ಚರ್ಚೆಯಾದದ್ದು 2024ರ ನವೆಂಬರ್ 14ರಂದು ಬಿಡುಗಡೆಯಾದ 'ಕಂಗುವ'ದಿಂದ. ತಮಿಳಿನ ಈ ಚಿತ್ರ ತೆಲುಗಿನಲ್ಲೂ ತೆರೆಕಂಡಿತು. ಶಬ್ದ ಅಸಹನೀಯ ಎಂಬ ದೂರು ಮೊದಲ ದಿನವೇ ಕೇಳಿಬಂತು. ನಿರ್ಮಾಪಕ ಕೆ. ಇ. ಜ್ಞಾನವೇಲ್ ರಾಜ ಧ್ವನಿಯನ್ನು ಎರಡು ಪಾಯಿಂಟ್ ಇಳಿಸುವಂತೆ ಪ್ರದರ್ಶಕರಿಗೆ ಹೇಳಿರುವುದಾಗಿ ತಿಳಿಸಿದರು. ಆಸ್ಕರ್ ಪಡೆದ ಧ್ವನಿವಿನ್ಯಾಸಕ ರಸೂಲ್ ಪೂಕುಟ್ಟಿ, ಜೋರಿನ ಪೈಪೋಟಿಯಲ್ಲಿ ತಮ್ಮ ಕಲೆ ಸಿಕ್ಕಿಕೊಂಡಿದೆಯೆಂದು ಬಹಿರಂಗವಾಗಿ ನೊಂದುಕೊಂಡರು. ಎರಡು ಪಾಯಿಂಟ್ ಸಣ್ಣ ಮಾತಲ್ಲ. ಫೇಡರಿನ ಮೇಲ್ಭಾಗದಲ್ಲಿ ಒಂದು ಪಾಯಿಂಟ್ ಎಂದರೆ ಸುಮಾರು 3.3 ಡೆಸಿಬೆಲ್, ಎರಡು ಇಳಿಸಿದರೆ ಕಿವಿಗೆ ಬೀಳುವ ಶಬ್ದಶಕ್ತಿ ಕಾಲುಭಾಗಕ್ಕಿಂತ ಕಡಿಮೆಯಾಗುತ್ತದೆ. ಗುಂಡಿ ತಿರುಗಿಸುವುದಕ್ಕೆ ದುಡ್ಡು ಬೇಕಿಲ್ಲ ಎಂಬುದನ್ನು ಒತ್ತಿ ಹೇಳಬೇಕು.

ಒಂದೇ ಪರದೆಯ ಹಳೆಯ ಟಾಕೀಸುಗಳಲ್ಲಿ ತೊಡಕು ಕಟ್ಟಡದಿಂದಲೇ ಶುರುವಾಗುತ್ತದೆ. ಬರಿಗೋಡೆ, ಶೀಟಿನ ಛಾವಣಿ ಇದ್ದಲ್ಲಿ ಶಬ್ದ ಹೀರಿಹೋಗದೆ ಮತ್ತೆ ಮತ್ತೆ ಪುಟಿಯುತ್ತದೆ. ಒಂದು ಅಕ್ಷರದ ಮೇಲೆ ಹಿಂದಿನ ಅಕ್ಷರದ ಬಾಲ ಬಂದು ಕೂರುತ್ತದೆ. ಮಾತು ಕಲಸಿಹೋಯಿತೆಂದು ಧ್ವನಿ ಏರಿಸಿದರೆ ಕಲಸಿದ್ದೂ ಜೊತೆಗೇ ಏರುತ್ತದೆ. ಮೆಚ್ಚಿನ ನಟನ ಮೊದಲ ದಿನದ ಆಟದಲ್ಲಿ ಶಿಳ್ಳೆ, ಕೇಕೆಗಳನ್ನು ಮೀರಿಸಲೆಂದು ಇನ್ನೊಂದು ಸುತ್ತು ತಿರುಗಿಸುವುದೂ ಉಂಟು. ಪರದೆಯ ಹಿಂದಿನ ಸ್ಪೀಕರುಗಳಿಗೆ ತೀರ ಹತ್ತಿರ ಇರುವುದು ಮುಂದಿನ ಸಾಲು, ಟಿಕೆಟ್ಟು ಅಗ್ಗವಿರುವುದೂ ಅಲ್ಲೇ. ಕಡಿಮೆ ದುಡ್ಡು ಕೊಟ್ಟವರಿಗೆ ಹೆಚ್ಚು ಶಬ್ದ ಬೀಳುವ ಈ ಏರ್ಪಾಡು ನ್ಯಾಯವಲ್ಲ. ದಿನಕ್ಕೆ ನಾಲ್ಕು ಆಟ ಒಳಗೇ ಇರುವ ಗೇಟ್‌ಕೀಪರನ ಪಾಡು ಇನ್ನೂ ಕಷ್ಟದ್ದು.

ಹಾನಿ ಆಗುವುದು ಒಳಕಿವಿಯ ಬಸವನಹುಳುವಿನ ಆಕಾರದ ಅಂಗ ಕಾಕ್ಲಿಯಾದಲ್ಲಿ. ಅಲ್ಲಿನ ಸುಮಾರು 15,000 ರೋಮಕೋಶಗಳು ಕಂಪನವನ್ನು ನರಸಂಕೇತವಾಗಿ ಬದಲಿಸುತ್ತವೆ. ಸತ್ತ ಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಆಟ ಬಿಟ್ಟ ಮೇಲೆ ಕಿವಿ ಗುಂಯ್ ಎನ್ನುವುದು, ಹತ್ತಿ ತುಂಬಿದಂತೆ ಮಂಕಾಗುವುದು ದಣಿದ ಕೋಶಗಳ ಸೂಚನೆ. ಮರುದಿನ ಸರಿಹೋದರೂ ನಿಶ್ಚಿಂತೆ ಬೇಡ. ಕುಜಾವಾ ಮತ್ತು ಲಿಬರ್‌ಮನ್ 2009ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಕೇಳುವ ಶಕ್ತಿ ಮರಳಿದ ಮೇಲೂ ನರದ ಕೊಂಡಿಗಳು ಕಳಚಿಹೋಗಿದ್ದವು. ಶಾಶ್ವತ ಹಾನಿ ಮೊದಲು ಕಾಣಿಸುವುದು 3,000ರಿಂದ 6,000 ಹರ್ಟ್ಸ್ ನಡುವೆ. ಸ, ಶ, ಚಗಳಂಥ ಧ್ವನಿಗಳ ಗುರುತು ಆಗ ಮಸುಕಾಗುತ್ತದೆ. 'ಕೇಳಿಸುತ್ತದೆ, ಏನಂದರೋ ತಿಳಿಯುವುದಿಲ್ಲ' ಎಂಬ ದೂರಿನ ಹಿಂದೆ ಹಲವೊಮ್ಮೆ ಇದೇ ಇರುತ್ತದೆ.

ಕಾನೂನು ಬಾಗಿಲ ಹೊರಗೇ ನಿಂತಿದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಗೊತ್ತುಮಾಡಿದವು. ಅದು ಹೊರಗಿನ ವಾತಾವರಣದ ಅಳತೆ. ರಾತ್ರಿ 10ರ ಮೇಲಿನ ಧ್ವನಿವರ್ಧಕ ನಿಷೇಧದಲ್ಲೂ ಮುಚ್ಚಿದ ಸಭಾಂಗಣಗಳಿಗೆ ವಿನಾಯಿತಿ ಇದೆ. ಕಾರ್ಖಾನೆಯ ಕೆಲಸಗಾರರಿಗೆ 8 ಗಂಟೆಗೆ 90 ಡೆಸಿಬೆಲ್ ಮಿತಿಯಿದೆ, ಆದರೆ ಟಾಕೀಸು ಕಾರ್ಖಾನೆಯಲ್ಲ. ನಾರಾಯಣಪೇಟೆ, ಮಕ್ತಲ್, ಗದ್ವಾಲಗಳಿಗೆ ಅನ್ವಯಿಸುತ್ತ ಬಂದ 1955ರ ಸಿನಿಮಾ ನಿಯಂತ್ರಣ ಕಾಯ್ದೆಯ ಲೈಸೆನ್ಸಾಗಲಿ, ಗಡಿಯಾಚೆಯ 1964ರ ಕರ್ನಾಟಕ ಕಾಯ್ದೆಯ ಲೈಸೆನ್ಸಾಗಲಿ ಮುಖ್ಯವಾಗಿ ನೋಡುವುದು ಬೆಂಕಿ, ವಿದ್ಯುತ್ತು, ಹೊರಬಾಗಿಲುಗಳನ್ನು. ಮನರಂಜನೆಯ ಸ್ಥಳಗಳಲ್ಲಿ 15 ನಿಮಿಷದ ಸರಾಸರಿ 100 ಡೆಸಿಬೆಲ್ ಮೀರಕೂಡದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮಾನದಂಡ ಪ್ರಕಟಿಸಿದೆ. ಲೈಸೆನ್ಸ್ ನವೀಕರಣಕ್ಕೆ ಅದನ್ನು ಸೇರಿಸಬೇಕಾಗಿದೆ.

ಪ್ರೇಕ್ಷಕರು ಮಾಡಬಹುದಾದದ್ದೂ ಇದೆ. ನಡುವಿನಿಂದ ಹಿಂದಿನ ಸಾಲು, ಪಕ್ಕದ ಗೋಡೆಯ ಸ್ಪೀಕರಿನಿಂದ ದೂರದ ಸೀಟು ಒಳ್ಳೆಯದು. ಮಧ್ಯಂತರದಲ್ಲಿ ಹೊರಬಂದರೆ ಕಿವಿಗೆ ಬಿಡುವು ಸಿಗುತ್ತದೆ. ಗುಂಯ್‌ಗುಡುವಿಕೆ ಎರಡು ದಿನವಾದರೂ ನಿಲ್ಲದಿದ್ದರೆ, ಅಥವಾ ಒಂದು ಕಿವಿ ಥಟ್ಟನೆ ಮಂಕಾದರೆ, ತಡಮಾಡದೆ ಜಿಲ್ಲಾ ಆಸ್ಪತ್ರೆಯಲ್ಲೋ ರಾಯಚೂರಿನ ರಿಮ್ಸ್‌ನಲ್ಲೋ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಬೇಕು. ಕಿವಿಗೆ ಹತ್ತಿ ತುರುಕಿಕೊಳ್ಳುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಔಷಧಿ ಅಂಗಡಿಯಲ್ಲಿ ಸಿಗುವ ಸ್ಪಂಜಿನ ಇಯರ್‌ಪ್ಲಗ್ ಸರಿಯಾಗಿ ಕೂತರೆ ಶಬ್ದವನ್ನು 15ರಿಂದ 30 ಡೆಸಿಬೆಲ್ ತಗ್ಗಿಸುತ್ತದೆ. ಮಡಿಲ ಮಗುವಿನ ಕಿವಿಗೆ ಅದು ಕೂರದು. ಅದಕ್ಕೆ ತಲೆಯ ಮೇಲಿಂದ ಹಾಕುವ ಕಿವಿಗವಸೇ ಬೇಕು.